ಇನ್ನೂರ ಐವತ್ತೈದರ ಆಯೇರಿ

ನಾದಿನಿಯ ಮದುಮಗ ಒಂದು ಚೀಟಿಯ ಮೇಲೆ 295 ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದು ನನ್ನ ಗಂಡನ ಕೈಗೆ ಕೊಟ್ಟಿದ್ದರು. ನಮ್ಮವರು ಅದನ್ನು ಅಂಗಡಿಯಿಂದ ಮಹಡಿಗೆ ತಂದು ನನ್ನ ರೊಟ್ಟಿ ಹಲಗೆಯ ಪಕ್ಕದಲ್ಲಿಟ್ಟರು.

“ಹೈದರಾಬಾದಿನವರಿಗೆ ಇಂಗ್ಲಿಷಿನ್ಯಾಗ ಒಂದು ಮೆಸೇಜ್ ಹಾಕು. ಈ ಸೈಜಿನ ಟೈರು ಐತೇನು ಕೇಳು.”

ಚೀಟಿಯ ಮೂಲೆಗೆ ಜೋಳದ ಹಿಟ್ಟು ಹತ್ತಿತು. ನಾನು ಕೈ ಒರೆಸಿಕೊಂಡು ಅದನ್ನು ಎತ್ತಿ ಡಬ್ಬಿಯ ಮೇಲಿಟ್ಟೆ. ಮುಂದಿನ ಮೂರು ವಾರ ಆ ಚೀಟಿ ಅಲ್ಲಿಂದ ಕದಲಲಿಲ್ಲ. ನಾನೂ ಹೆಚ್ಚುಕಡಿಮೆ ಅಲ್ಲಿಯೇ ಸಿಕ್ಕಿಬಿದ್ದಿದ್ದೆ.

ಸಿಂಧನೂರಿನಲ್ಲಿ ನಮ್ಮ ಮನೆ ಇರುವುದು ನಮ್ಮ ಟೈರ್ ಅಂಗಡಿಯ ಮೇಲೆ. ಕೆಳಗೆ ನಮ್ಮವರು, ಮತ್ತು ಅವರ ತಂದೆಯ ಕಾಲದಿಂದ ಇರುವ ಮೇಸ್ತ್ರಿ. ಮೇಲೆ ನಾನು, ಅತ್ತೆ, ನಾದಿನಿ. ಕಾನ್ವೆಂಟಿನಲ್ಲಿ ಓದಿದವಳು ಎಂಬ ಒಂದೇ ಕಾರಣಕ್ಕೆ ಕಂಪನಿಯವರಿಗೆ ಬರೆಯುವುದು, ಅವರು ಕಳಿಸಿದ ಹಾಳೆಗಳನ್ನು ಓದುವುದು ನನ್ನ ಪಾಲಿಗೆ ಬಂದಿತ್ತು. ಟೈರಿನ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಯಾರೂ ಕೇಳುತ್ತಿರಲಿಲ್ಲ. ಓದಿ ಹೇಳು ಅನ್ನುತ್ತಿದ್ದರು, ಓದಿ ಹೇಳುತ್ತಿದ್ದೆ.

ಈ ಸಲದ್ದು ಬೇರೆ. ನಾದಿನಿಗೆ ಮಸ್ಕಿಯ ಸಂಬಂಧ ಗಟ್ಟಿಯಾಗಿತ್ತು. ಮದುಮಗನ ಮನೆಯವರು ಏನೂ ಬೇಡ ಎಂದಿದ್ದರು. ಏನೂ ಬೇಡ ಅಂದವರ ಮುಂದೆ ಕೈ ಬೀಸಿಕೊಂಡು ಹೇಗೆ ನಿಲ್ಲುವುದು ಎಂಬುದು ನಮ್ಮವರ ಸಂಕಟ. ನಿಶ್ಚಯದ ದಿನ ಎಲ್ಲರೂ ಕೂತಾಗ ಅವರು ಒಂದು ಮಾತು ಆಡಿಬಿಟ್ಟರು: “ಅಳಿಯಂದಿರ ಕಾರಿಗೆ ನಾಕೂ ಟೈರು ನಮ್ಮ ಕಡಿಂದ. ಇದನ್ನ ಆಯೇರಿ ಅಂತ ತಿಳೀರಿ.” ಆಯೇರಿ ಎಂದರೆ ಮದುವೆಯಲ್ಲಿ ಬೀಗರಿಗೆ ಉಡಿಸಿ ತೊಡಿಸಿ ಮಾಡುವ ಮರ್ಯಾದೆ. ಅದರಲ್ಲಿ ಸೀರೆಯ ಅಗಲ ಒಂದು ಬೆರಳು ಕಡಿಮೆಯಾದರೂ ಊರಿಗೆಲ್ಲ ಗೊತ್ತಾಗುತ್ತದೆ.

ಕಾರು ಸೆಕೆಂಡ್ ಹ್ಯಾಂಡ್, ಆದರೆ ಸಾಮಾನ್ಯದ್ದಲ್ಲ. ಎರಡೇ ಬಾಗಿಲು, ಟರ್ಬೊ ಇಂಜಿನ್, ಇಂಜಿನಿನ ಬಲವೆಲ್ಲ ಹಿಂದಿನ ಚಕ್ರಗಳಿಗೆ. ಮದುಮಗ ಲಿಂಗಸುಗೂರಿನಲ್ಲಿ ತಮ್ಮ ಬೀಜ-ಗೊಬ್ಬರದ ಅಂಗಡಿ ನೋಡಿಕೊಳ್ಳುತ್ತಿದ್ದರು, ದಿನಾ ಮಸ್ಕಿಯಿಂದ ಓಡಾಟ. ಮದುವೆಯಾದ ಮೇಲೆ ನಾದಿನಿಯನ್ನು ವಾರಕ್ಕೆ ಒಂದೆರಡು ಸಲ ಸಿಂಧನೂರಿನಲ್ಲಿ ಅವಳು ಪಾಠ ಹೇಳುವ ಶಾಲೆಗೆ ಅದರಲ್ಲೇ ಬಿಡುವುದು ಎಂದು ಮಾತಾಗಿತ್ತು. ಕಾರನ್ನು ಅವರು ತಾವೇ ಒರೆಸುತ್ತಿದ್ದರು, ಮೆತ್ತಗಿನ ಹಳೇ ಧೋತರದಿಂದ. ಬಾಗಿಲ ಸಂದಿಯನ್ನು ಕಿರುಬೆರಳಿಗೆ ಬಟ್ಟೆ ಸುತ್ತಿ ಒರೆಸುವುದನ್ನು ನಾನು ಮಹಡಿಯಿಂದ ನೋಡಿದ್ದೆ. ಇಷ್ಟು ನಾಜೂಕಿನ ಮನುಷ್ಯ ನಮ್ಮ ಹುಡುಗಿಯನ್ನು ಚೆನ್ನಾಗಿ ನೋಡಿಕೊಂಡಾರು ಎಂದು ಆಗಲೇ ಅನಿಸಿತ್ತು.

ನಿಶ್ಚಯದ ದಿನ ಚಹಾ ಕೊಡುವಾಗ ಅವರು ನನ್ನನ್ನೂ ಕೇಳಿದ್ದರು. “ಅಕ್ಕಾರ, ನೀವು ಓದಿದೋರು. ಹಿಂದಿನ ಟೈರು ಅಗಲ ಹಾಕಿಸಲೇನ್ರಿ?”

ನಾನು ತಟ್ಟೆ ಹಿಡಿದುಕೊಂಡೇ ಹೇಳಿದೆ: “ನಮ್ಮ ಕಡಿ ಗದ್ದಿ ಟ್ರ್ಯಾಕ್ಟರ್ ನೋಡೀರಲ್ರೀ. ಚಕ್ರ ಅಗಲ ಇದ್ದಷ್ಟು ಹಿಡಿತ ಅಲ್ಲೇನ್ರಿ?”

ಎಲ್ಲರೂ ಹೌದೆಂದರು. ಕಾಲುವೆ ಸೀಮೆಯಲ್ಲಿ ಹುಟ್ಟಿದವರಿಗೆ ಇದು ಕಲಿಯಬೇಕಾದ ಪಾಠವೇ ಅಲ್ಲ. ಕೆಸರುಗದ್ದೆಗೆ ಇಳಿಸುವ ಟ್ರ್ಯಾಕ್ಟರಿಗೆ ಪಕ್ಕದಲ್ಲಿ ಇನ್ನೊಂದು ಕಬ್ಬಿಣದ ಚಕ್ರ ಕಟ್ಟಿ ಅಗಲ ಮಾಡುತ್ತಾರೆ, ಇಲ್ಲದಿದ್ದರೆ ಹೂತುಹೋಗುತ್ತದೆ. ಅದನ್ನೇ ನಾನು ಕಾರಿಗೆ ಹೊಂದಿಸಿದೆ. ಆ ಮಾತು ನನ್ನ ಬಾಯಿಂದ ಬಂದಿತ್ತು ಎಂಬುದನ್ನು ಆಮೇಲೆ ಮನೆಯಲ್ಲಿ ಯಾರೂ ಮರೆಯಲಿಲ್ಲ.

ಹೈದರಾಬಾದಿನ ಡೀಲರು ಎರಡು ದಿನ ಬಿಟ್ಟು ಉತ್ತರದ ಜೊತೆ ಒಂದು ಹಾಳೆ ಕಳಿಸಿದರು. ಸೈಜು ಇತ್ತು. 295/30 R18. ಮೊದಲನೆಯದು ಟೈರಿನ ಅಗಲ ಮಿಲಿಮೀಟರಿನಲ್ಲಿ. ಎರಡನೆಯದು ಅದರ ಗೋಡೆ ಆ ಅಗಲದ ನೂರಕ್ಕೆ ಎಷ್ಟು ಭಾಗ ಎಂದು. ಕೊನೆಯದು ರಿಮ್ಮಿನ ಅಡ್ಡಳತೆ ಇಂಚಿನಲ್ಲಿ. ಹಾಳೆಯ ಬಲತುದಿಯಲ್ಲಿ ಇನ್ನೊಂದು ಚಿಕ್ಕ ಕಾಲಂ ಇತ್ತು. ಈ ಟೈರನ್ನು ಎಷ್ಟು ಅಗಲದ ರಿಮ್ಮಿಗೆ ಕೂರಿಸಬಹುದು ಎಂಬುದು. ಹತ್ತರಿಂದ ಹನ್ನೊಂದು ಇಂಚು.

ಕಾರು ಅವತ್ತು ಕೆಳಗೇ ಇತ್ತು, ಮದುಮಗ ಅಲೈನ್‌ಮೆಂಟಿಗೆ ಬಿಟ್ಟುಹೋಗಿದ್ದರು. ನಾನು ಹಳೇ ಟೂತ್‌ಬ್ರಶ್ ತೆಗೆದುಕೊಂಡು ಇಳಿದೆ. ಮೇಸ್ತ್ರಿ ಚಕ್ರ ಬಿಚ್ಚಿ ಕೊಟ್ಟರು. ರಿಮ್ಮಿನ ಒಳಮೈಯಲ್ಲಿ ಬ್ರೇಕಿನ ಕರಿಧೂಳು ಗಟ್ಟಿಯಾಗಿತ್ತು. ಉಜ್ಜಿದ ಮೇಲೆ ಅಚ್ಚಿನಲ್ಲಿ ಹೊಯ್ದ ಅಕ್ಷರ ಕಂಡಿತು: ಮುಂದಿನದು ಎಂಟು ಇಂಚು, ಹಿಂದಿನದು ಒಂಬತ್ತು. ಬಾಗಿಲ ಕಂಬದ ಮೇಲೆ ಕಾರು ತಯಾರಿಸಿದವರ ಚೀಟಿ ಇತ್ತು, ಹಳೇ ಮಾಲೀಕರು ಅದರ ಮೇಲೆ ಬೇರೆ ಸ್ಟಿಕರ್ ಅಂಟಿಸಿದ್ದರು. ಉಗುರಿನಿಂದ ಎತ್ತಿದೆ. ಮುಂದೆ 225/40, ಹಿಂದೆ 255/35.

“ಒಂಬತ್ತಿಂಚಿನ ರಿಮ್ಮಿಗೆ ಇನ್ನೂರ ತೊಂಬತ್ತೈದು ಕೂಡಿಸಿದ್ರ ಏನಾಕ್ಕೈತಿ?” ಎಂದು ಕೇಳಿದೆ.

ಮೇಸ್ತ್ರಿ ಎರಡೂ ಅಂಗೈ ಹತ್ತಿರ ತಂದು ನಡುವೆ ಉಬ್ಬು ತೋರಿಸಿದರು. “ಕಡಬಿನಂಗ ಆಕ್ಕೈತಿ ಅಮ್ಮಾರ. ಬಾಯಿ ಸಣ್ಣದು, ಹೊಟ್ಟಿ ದೊಡ್ಡದು. ನಡುವ ಉಬ್ಬಿ ನೆಲಾ ಮುಟ್ಟತೈತಿ, ಎರಡೂ ಅಂಚು ಗಾಳ್ಯಾಗ. ನೋಡಾಕ ಅಗಲ, ಕೆಲಸಕ್ಕ ಸಣ್ಣ.”

“ನಿಮ್ಮ ಸಾಹುಕಾರ್ರಿಗೆ ಹೇಳ್ರಲ್ಲ.”

“ನಾ ಹೇಳಿದ್ರ ನೌಕರಿ, ನೀವು ಹೇಳಿದ್ರ ಸಂಸಾರ. ಎರಡೂ ಬ್ಯಾಡ.” ಅವರು ನಕ್ಕು ಸ್ಪ್ಯಾನರ್ ಎತ್ತಿಕೊಂಡರು.

ರಾತ್ರಿ ಊಟಕ್ಕೆ ಬಡಿಸುವಾಗ ನಮ್ಮವರಿಗೆ ಹಾಳೆ ತೋರಿಸಿದೆ. ಅವರು ಟೈರು ಬಲ್ಲವರು. ಒಮ್ಮೆ ನೋಡಿದ್ದೇ ಅರ್ಥವಾಯಿತು. ಅರ್ಥವಾದದ್ದೇ ಕಷ್ಟವಾಯಿತು.

“ನನಗ ತಿಳೀತೈತಿ. ಆದ್ರ ಅವರು ಎರಡು ಗೆರಿ ಎಳದು ಕೊಟ್ಟಾರ. ನಾ ಹೋಗಿ ಇಷ್ಟು ಬ್ಯಾಡ, ಸಣ್ಣದು ಹಾಕ್ತೀನಿ ಅಂದ್ರ ಏನಂತಾರ? ಕೊಡಾಕ ಕೈ ಹಿಡೀತು ಅಂತಾರ.”

“ರೀ, ಅಳತಿ ಕೂಡಂಗಿಲ್ಲ ಅಂತ ಹಾಳ್ಯಾಗ ಬರದೈತಿ.”

“ಹಾಳಿ ಬೀಗರ ಮನಿಗಿ ಬರ್ತೈತೇನು? ಅವತ್ತು ಎಲ್ಲಾರ ಮುಂದ ಅಗಲ ಇದ್ದಷ್ಟು ಹಿಡಿತ ಅಂದಾಕಿ ನೀನ.”

ನಾನು ಮಜ್ಜಿಗೆ ಬಡಿಸಿದೆ.

ನಮ್ಮವರು ಹುಡುಕಿದ್ದು ನಡುದಾರಿ. 275/35 ಒಂಬತ್ತಿಂಚಿನ ರಿಮ್ಮಿಗೆ ಕೂರುವ ಕೊನೆಯ ಅಳತೆ, ಅದಕ್ಕಿಂತ ಒಂದು ನೂಲು ಅಗಲವೂ ಇಲ್ಲ. ಇಪ್ಪತ್ತು ಕಮ್ಮಿಯಾದರೂ ಮೂಲ ಟೈರಿಗಿಂತ ಇಪ್ಪತ್ತು ಜಾಸ್ತಿ ಎಂದು ಬೀಗರಿಗೆ ಹೇಳಬಹುದು. ಮದುಮಗ ಸ್ವಲ್ಪ ಮುಖ ಸಣ್ಣ ಮಾಡಿಕೊಂಡು ಒಪ್ಪಿದರು. ಅಂಗಡಿಯಲ್ಲಿ ಬೇರೊಂದು ಕಾರಿನಿಂದ ಬಿಚ್ಚಿದ ಅದೇ ಅಳತೆಯ ಒಂದು ಜೋಡಿ ಇತ್ತು. ಅದನ್ನು ಹಾಕಿ ನೋಡಿ, ಸರಿ ಎನಿಸಿದರೆ ಹೊಸದಕ್ಕೆ ಆರ್ಡರ್ ಕೊಡುವುದು ಎಂದಾಯಿತು.

ಅಗಲದ ಟೈರು ಒಳಗೆ ಸಸ್ಪೆನ್ಷನ್ ಕಂಬಕ್ಕೆ, ಹೊರಗೆ ಮಡ್‌ಗಾರ್ಡಿನ ಅಂಚಿಗೆ ತಾಗುತ್ತದೋ ಏನೋ ನೋಡಬೇಕಿತ್ತು. ಚಕ್ರ ಕೂತ ಮೇಲೆ ಆ ಸಂದಿಯಲ್ಲಿ ಅಳತೆಪಟ್ಟಿ ಹೋಗುವುದಿಲ್ಲ. ನನಗೆ ಹೋಳಿಗೆಯ ಕಣಕ ನೆನಪಾಯಿತು. ಗೋಧಿ ಹಿಟ್ಟನ್ನು ಸ್ವಲ್ಪ ಬಿಗಿಯಾಗಿ ನಾದಿ, ಒಂದು ಹನಿ ಎಣ್ಣೆ ಸವರಿ, ನಿಂಬೆಹಣ್ಣಿನ ಗಾತ್ರದ ಆರು ಉಂಡೆ ತಟ್ಟೆಯಲ್ಲಿಟ್ಟುಕೊಂಡು ಕೆಳಗೆ ಹೋದೆ.

“ಹೋಳಿಗಿ ಮಾಡಾಕ ಬಂದೀರೇನು ಅಮ್ಮಾರ?” ಎಂದರು ಮೇಸ್ತ್ರಿ.

“ಹೂರಣ ನಿಮ್ಮದು. ಎಲ್ಲಿ ಹಚ್ಚಲಿ ತೋರಿಸ್ರಿ.”

ಕಂಬಕ್ಕೆ ಮೂರು, ಅಂಚಿಗೆ ಮೂರು ಉಂಡೆ ಮೆತ್ತಿದೆವು. ಚಕ್ರ ಹಾಕಿ, ಜ್ಯಾಕ್ ಇಳಿಸಿ, ಮೇಸ್ತ್ರಿ, ನಮ್ಮವರು ಇಬ್ಬರೂ ಹಿಂದೆ ಕೂತು ಅದುಮಿ, ಮತ್ತೆ ಎತ್ತಿ ಬಿಚ್ಚಿದರು. ಕಣಕ ಬಿಲ್ಲೆಗಳಾಗಿತ್ತು. ಒಳಗಿನದು ಆರು ಮಿಲಿಮೀಟರ್ ದಪ್ಪ, ಹೊರಗಿನದು ನಾಲ್ಕು. ಎಲ್ಲೂ ಹರಿದಿರಲಿಲ್ಲ, ಎಂದರೆ ಟೈರು ಎಲ್ಲೂ ತಾಗುತ್ತಿರಲಿಲ್ಲ. ನಮ್ಮವರು ಆ ಬಿಲ್ಲೆಯನ್ನು ಬೆಳಕಿಗೆ ಹಿಡಿದು ನೋಡಿ ನನ್ನತ್ತ ತಿರುಗಿ ನಕ್ಕರು. ಮದುವೆ ಗಟ್ಟಿಯಾದಾಗಿನಿಂದ ಅವರು ನಕ್ಕಿದ್ದು ಅದೇ ಮೊದಲು. ನನಗೂ ಎದೆ ಹಗುರಾಯಿತು. ಅಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನೆಲ್ಲ ಬರೆಯುತ್ತಲೂ ಇರಲಿಲ್ಲ.

ಮರುದಿನ ಓಡಿಸಿ ನೋಡುವ ಕೆಲಸ. ಪಕ್ಕದ ಸೀಟಿನಲ್ಲಿ ಒಬ್ಬರು ಕೂತರೆ ಭಾರ ಸರಿಯಾಗುತ್ತದೆ ಎಂದರು ಮೇಸ್ತ್ರಿ. ನಾದಿನಿ ಬ್ಯಾಗು ಹಿಡಿದು ಎದ್ದೇಬಿಟ್ಟಿದ್ದಳು. ಅತ್ತೆ ಬಾಗಿಲಲ್ಲಿ ನಿಂತರು. “ಅರಿಷಿಣ ಹಚ್ಚೂತನಕ ಇಬ್ಬರೂ ಒಂದ ಗಾಡ್ಯಾಗ ಹೋಗೂದು ಬ್ಯಾಡ. ನಿಮ್ಮ ವೈನಿ ಹೋಗ್ಲಿ.” ಹೀಗೆ ಅವಳ ಸೀಟಿನಲ್ಲಿ ನಾನು ಕೂತೆ.

ಬೆಳಿಗ್ಗೆ ಒಂದು ಹನಿ ಬಂದು ಹೋಗಿತ್ತು. ಬಳಗಾನೂರಿನ ಕಡೆಯ ಕಾಲುವೆ ರಸ್ತೆ. ಕೊಯ್ಲಿನ ಸಮಯ. ಗದ್ದೆಯಿಂದ ಹತ್ತಿದ ಟ್ರ್ಯಾಕ್ಟರುಗಳು ಡಾಂಬರಿನ ಮೇಲೆ ಕರಿಮಣ್ಣಿನ ಹೆಂಟೆ ಉದುರಿಸಿಕೊಂಡು ಹೋಗಿದ್ದವು. ಬಿಸಿಲು ಬಂದದ್ದೇ ಹೆಂಗಸರು ತಾಡಪತ್ರಿ ಮಡಿಚಿ, ರಸ್ತೆಯ ಎಡಭಾಗದಲ್ಲಿ ಭತ್ತ ಹರವಿದ್ದರು, ಅಂಚಿಗೆ ಅಲ್ಲಲ್ಲಿ ಕಲ್ಲಿಟ್ಟು. ಭತ್ತದ ಆಚೆ ಹುಲ್ಲು, ಹುಲ್ಲಿನ ಆಚೆ ಕಾಲುವೆ. ಎಡಗಡೆ ಎಂದರೆ ನಾನು ಕೂತ ಕಡೆ.

ಮದುಮಗ ಮೆಲ್ಲಗೇ ಓಡಿಸುತ್ತಿದ್ದರು. ಅದನ್ನು ಹೇಳಲೇಬೇಕು. ಎದುರಿನಿಂದ ಬಂದ ಬಸ್ಸಿಗೆ ದಾರಿ ಬಿಡಲು ಎಡಗಡೆಯ ಎರಡು ಚಕ್ರ ಭತ್ತದ ಮೇಲೆ ಹತ್ತಿಸಿದರು. ಬಸ್ಸು ದಾಟಿದ ಮೇಲೆ ರಸ್ತೆಗೆ ಇಳಿಯಲು ಕಾಲು ಸ್ವಲ್ಪ ಒತ್ತಿದರು. ಟರ್ಬೊ ಗಾಡಿಯ ಗುಣವೇ ಹಾಗಂತೆ: ಒತ್ತಿದ ತಕ್ಷಣ ಏನೂ ಆಗುವುದಿಲ್ಲ. ಕುಕ್ಕರಿನಲ್ಲಿ ಆವಿ ಕೂಡುವ ಹಾಗೆ ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಒಮ್ಮೆಲೇ. ಸಣ್ಣ ಸಿಳ್ಳೆಯಂಥ ಸದ್ದು ಕೇಳಿಸಿತು. ನನ್ನ ಬೆನ್ನ ಹಿಂದೆ ಕಾರು ಎಡಕ್ಕೆ ಹೊರಟಿತು, ಮೂತಿ ಬಲಕ್ಕೆ. ಮುಂದಿನ ಗಾಜಿನಲ್ಲಿ ರಸ್ತೆ ಇರಲಿಲ್ಲ, ಎದುರಿನ ಬೇಲಿ ಇತ್ತು. ಕಾರು ನಿಂತಾಗ ನನ್ನ ಕೈ ಚೀಲದ ಹಿಡಿಕೆ ಹಿಡಿದುಕೊಂಡಿತ್ತು; ಚೀಲ ಮಾತ್ರ ಹಿಡಿಕೆ ಹರಿದು ಕಾಲ ಬಳಿ ಬಿದ್ದಿತ್ತು.

ಬಾಗಿಲು ತೆರೆದೆ. ಕಾಲ ಕೆಳಗೆ ಭತ್ತ. ಹಿಂದಿನ ಚಕ್ರದಾಚೆ ಎರಡು ಹೆಜ್ಜೆ ಹುಲ್ಲು. ಅದರಾಚೆ ನೀರು ತುಂಬಿ ಹರಿಯುತ್ತಿತ್ತು, ಸದ್ದಿಲ್ಲದೆ.

ಸೀರೆ ಎತ್ತಿ ಕಟ್ಟಿ, ಕಾಲಿನಿಂದ ಭತ್ತಕ್ಕೆ ಗೀರೆಳೆದು ತಿರುವುತ್ತಿದ್ದ ಹೆಂಗಸೊಬ್ಬಳು ಸೊಂಟಕ್ಕೆ ಕೈಯಿಟ್ಟು ಬಂದಳು.

“ಏ ತಮ್ಮಾ, ಏನು ಗಾಡಿನೋ ಇದು? ಹಿಂದಿಂದು ಮುಂದ ಬರಾಕತ್ತೈತಿ.” ಆಮೇಲೆ ನನ್ನನ್ನು ನೋಡಿದಳು. “ಈಕಿ ನಿನ್ನ ಹೇಣ್ತೇನು?”

ಮದುಮಗ ಇನ್ನೂ ಸ್ಟೀರಿಂಗ್ ಹಿಡಿದೇ ಕೂತಿದ್ದರು. ನಾನೇ ಹೇಳಿದೆ: “ಅಲ್ಲಬೇ, ಹೇಣ್ತಿ ಆಗಾಕಿಯ ವೈನಿ.”

“ಹಂಗಾರ ಆಕಿಗಿ ಹೇಳು, ನಡಕೋತ ಹೋಗು ಅಂತ.”

ಅವಳು ಚೆದುರಿದ ಭತ್ತವನ್ನು ಕಾಲಿನಿಂದಲೇ ಕೂಡಿಸತೊಡಗಿದಳು. ಚಕ್ರದ ಗುರುತು ಅಳಿಯುವ ಮುನ್ನ ಒಂದು ಸಂಗತಿ ನನ್ನ ಕಣ್ಣಿಗೆ ಬಿತ್ತು. ಕಾರು ನೆಟ್ಟಗೆ ಹೋಗಿದ್ದಲ್ಲಿ ಮುಂದಿನ ಚಕ್ರದ ಹೆಜ್ಜೆಯ ಮೇಲೇ ಹಿಂದಿನದೂ ನಡೆದಿತ್ತು. ಕಾರು ಅಡ್ಡ ತಿರುಗಿದಲ್ಲಿ ಎರಡು ಹೆಜ್ಜೆಗಳೂ ಬೇರೆಯಾಗಿದ್ದವು. ಮುಂದಿನ ಇನ್ನೂರ ಇಪ್ಪತ್ತೈದರ ಗುರುತು ಕಪ್ಪಗಿತ್ತು. ಭತ್ತ, ಹಸಿಮಣ್ಣು ಎರಡನ್ನೂ ಅತ್ತಿತ್ತ ದೂಡಿ ಡಾಂಬರು ಮುಟ್ಟಿತ್ತು. ಹಿಂದಿನ ಇನ್ನೂರ ಎಪ್ಪತ್ತೈದರ ಗುರುತು ಹಳದಿ. ಕಾಳು ಹಾಗೇ ಮಲಗಿದ್ದವು, ಇಸ್ತ್ರಿ ಮಾಡಿದ ಹಾಗೆ ಚಪ್ಪಟೆಯಾಗಿ. ಆ ಚಕ್ರ ರಸ್ತೆಯನ್ನು ಮುಟ್ಟಿಯೇ ಇರಲಿಲ್ಲ.

ಅಲ್ಲಿ ನಿಂತಾಗ ನನ್ನ ಟ್ರ್ಯಾಕ್ಟರಿನ ಮಾತು ಎಲ್ಲಿ ತಪ್ಪಿತು ಎಂದು ತಿಳಿಯಿತು. ಗದ್ದೆಯ ಕೆಸರಿಗೆ ತಳವಿಲ್ಲ, ಆದ್ದರಿಂದ ಅಗಲ ಮಾಡಿ ಮೇಲೆ ತೇಲಬೇಕು. ರಸ್ತೆಯ ಕೆಸರಿನ ಕೆಳಗೆ ಅರ್ಧ ಇಂಚಿಗೇ ಗಟ್ಟಿನೆಲ ಇದೆ. ಅಲ್ಲಿ ತೇಲಬಾರದು, ಸೀಳಿಕೊಂಡು ಇಳಿಯಬೇಕು, ಎತ್ತಿನ ಬಂಡಿಯ ಗಾಲಿಯ ಹಾಗೆ. ಫೋನು ತೆಗೆದು ಎರಡು ಫೋಟೊ ಹಿಡಿದೆ. ಒಂದು ಮಸುಕಾಯಿತು.

ವಾಪಸು ಹೊರಟು ಊರು ಹತ್ತಿರ ಬಂದಾಗ ಅವರು ಕಾರು ಬದಿಗೆ ನಿಲ್ಲಿಸಿದರು.

“ಅಕ್ಕಾರ, ಮನ್ಯಾಗ ಹೇಳಬ್ಯಾಡ್ರಿ. ಹಳೇ ಟೈರು, ಅದಕ್ಕ ಜಾರೇತಿ. ಹೊಸಾದಕ್ಕ ಹಿಂಗಾಗಂಗಿಲ್ಲ. ನಮ್ಮಪ್ಪಗ ಗೊತ್ತಾದ್ರ ಕಾರ ಮಾರಿಸಿಬಿಡ್ತಾರ. ನಿಮ್ಮ ನಾದಿನಿ ಹೆದರಿಬಿಡ್ತಾಳ.”

ಸ್ಟೀರಿಂಗಿನ ಮೇಲಿದ್ದ ಅವರ ಕಿರುಬೆರಳಿನ ಉಗುರಿನಲ್ಲಿ ಕಾರಿನ ಪಾಲಿಶ್ ಮೆತ್ತಿತ್ತು. ನಾನು ಆಗಲಿ ಅನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ಕೇಳದೆ ಮಾತಾಡಬಾರದು, ಕೇಳಿದಾಗ ತಗ್ಗಿದ ದನಿಯಲ್ಲಿ ಆಡಬೇಕು ಎಂದು ಶಾಲೆಯಲ್ಲಿ ಸಿಸ್ಟರುಗಳು ಕಲಿಸಿದ್ದರು. ಸುಮ್ಮನಿದ್ದರೆ ಒಪ್ಪಿದಂತಾಗುತ್ತದೆ ಎಂದು ಕಲಿಸಿರಲಿಲ್ಲ. ಅವರು ನನ್ನ ಮೌನವನ್ನೇ ಮಾತೆಂದು ತಿಳಿದು, “ನಿಮ್ಮ ಉಪಕಾರ ಮರಿಯಂಗಿಲ್ರಿ” ಎಂದು ಗಾಡಿ ಎಬ್ಬಿಸಿದರು. ಅಂಗಡಿ ಮುಂದೆ ಇಳಿದು ನಮ್ಮವರಿಗೆ “ಏಕ್‌ದಮ್ ಚಲೋ ಐತ್ರಿ, ಇದನ್ನ ಆರ್ಡರ್ ಮಾಡ್ರಿ” ಎಂದೂ ಹೇಳಿದರು. ನಮ್ಮವರು ನನ್ನ ಮುಖ ನೋಡಿದರು. ನಾನು ಮೆಟ್ಟಿಲು ಹತ್ತಿದೆ.

ಹಳೇ ಟೈರೆಂಬ ಮಾತು ಮಾತ್ರ ಒಳಗೆ ಕೊರೆಯುತ್ತಿತ್ತು. ಅದು ನಿಜವಾದರೆ ನನ್ನ ಫೋಟೊಗೆ ಅರ್ಥವಿಲ್ಲ. ಮಧ್ಯಾಹ್ನ ಮೇಸ್ತ್ರಿಗೆ ಚಹಾ ಕೊಡುವ ನೆಪದಲ್ಲಿ ಇಳಿದು, ಟೈರಿನ ಗೀರುಗಳ ಆಳ ಅಳೆಯಲು ಹೇಳಿದೆ. ಗೇಜು ಹಾಕಿ ಮೂರು ಮೂರು ಕಡೆ ನೋಡಿದರು. ಮುಂದಿನವು ಐದು ಮಿಲಿಮೀಟರ್. ಹಿಂದಿನವು ಐದೂವರೆ. ಹಿಂದಿನವೇ ಕಡಿಮೆ ಸವೆದಿದ್ದವು. ಮೇಸ್ತ್ರಿ ಚಹಾ ಆರಿಸಿಕೊಳ್ಳುತ್ತ ಹಿಂದಿನ ಟೈರಿನ ಗೀರಿನಿಂದ ಒಂದು ಭತ್ತದ ಕಾಳನ್ನು ಚಿಮಟದಲ್ಲಿ ಎಳೆದು, ನನ್ನ ತಟ್ಟೆಯ ಮೇಲಿಟ್ಟರು.

“ಶುಕ್ರವಾರದೊಳಗ ಮೆಸೇಜ್ ಹೋಗ್ಬೇಕು, ಇಲ್ಲಂದ್ರ ಮದುವಿಗೆ ಮುಟ್ಟಂಗಿಲ್ಲ” ಎಂದು ನಮ್ಮವರು ಮಂಗಳವಾರವೇ ಹೇಳಿದರು. ನಾನು ಟೈಪ್ ಮಾಡಿದೆ. 275/35 R18, ಎರಡು. 225/40 R18, ಎರಡು. ಕಳಿಸುವ ಗುಂಡಿಯ ಮೇಲೆ ಹೆಬ್ಬೆರಳು ಇಟ್ಟು ತೆಗೆದೆ. ಬುಧವಾರವೂ ಹಾಗೇ. ಅನ್ನಕ್ಕೆ ನೀರಿಡುವಾಗ, ಬಟ್ಟೆ ಹಿಂಡುವಾಗ ಆ ಫೋನು ಸೊಂಟದಲ್ಲಿ ಕೆಂಡದ ಹಾಗೆ ಇರುತ್ತಿತ್ತು. ಹೇಳಿದರೆ ಸಂಬಂಧ ಕೆಡುತ್ತದೆ. ಹೇಳದಿದ್ದರೆ ಆ ಎರಡು ಹೆಜ್ಜೆ ಹುಲ್ಲು.

ಬುಧವಾರ ಸಂಜೆ ನನಗೊಂದು ಉಪಾಯ ಹೊಳೆಯಿತು, ಅದನ್ನು ಮುಚ್ಚಿಡುವುದಿಲ್ಲ. 275 ಅಳಿಸಿ 255 ಎಂದು ತಿದ್ದಿದೆ. ಕಳಿಸಿಬಿಡುವುದು. ಟೈರು ಬಂದ ದಿನ ಡೀಲರು ತಪ್ಪು ಕಳಿಸಿದ್ದಾರೆ ಅನ್ನುವುದು. ಬದಲಿಸಲು ದಿನವಿರುವುದಿಲ್ಲ, ಹಾಕಿಕೊಂಡು ಹೋಗುತ್ತಾರೆ. ಯಾರಿಗೂ ನೋವಿಲ್ಲ. ಎಷ್ಟು ಸುಲಭವಾಗಿ ಹೊಳೆಯಿತೆಂದರೆ ನನಗೇ ಭಯವಾಯಿತು. ಆದರೆ ಮದುಮಗ ಸುಮ್ಮನಿರುತ್ತಿರಲಿಲ್ಲ. ಮದುವೆ ಮುಗಿದ ಮೇಲೆ ಬೇರೆ ಕಡೆ ಹೋಗಿ ತಮ್ಮ ಮನಸ್ಸಿನ ಅಗಲ ಹಾಕಿಸುತ್ತಿದ್ದರು. ಟೈರು ಬದಲಾಗುತ್ತಿತ್ತು, ಅವರು ಬದಲಾಗುತ್ತಿರಲಿಲ್ಲ. ಮತ್ತೆ ತಿದ್ದಿ 275 ಮಾಡಿದೆ. ಆಮೇಲೆ ಪೂರಾ ಅಳಿಸಿದೆ.

ಗುರುವಾರ ನಾದಿನಿ ಶಾಲೆಯಿಂದ ಬಂದು, ಮದುವೆಯ ಕುಬಸಕ್ಕೆ ಅಳತೆ ಕೊಡಲು ನಿಂತಳು. ಅವಳ ಕುಬಸ ಹೊಲಿಯುವವಳು ನಾನೇ. ಕುಬಸಕ್ಕೆಂದೇ ಸಣ್ಣ ಅಗಲಕ್ಕೆ ನೇಯ್ದ ಕಣದ ಬಟ್ಟೆಯನ್ನು ಮಂಚದ ಮೇಲೆ ಹರಡಿದ್ದೆ, ಅಂಜೂರ ಬಣ್ಣ, ಸಣ್ಣ ಅಂಚು. ತೋಳಿನ ಸುತ್ತ ಟೇಪು ಸುತ್ತಿದಾಗ ಅವಳು “ವೈನಿ, ನಿಮ್ಮ ಕೈ ಯಾಕ ತಣ್ಣಗದಾವ?” ಎಂದಳು.

ನಾನು ಟೇಪು ಹಿಡಿದುಕೊಂಡೇ ಎಲ್ಲ ಹೇಳಿದೆ. ಬಸ್ಸು, ಸಿಳ್ಳೆ, ಬೇಲಿ, ಭತ್ತ ತಿರುವುವ ಹೆಂಗಸು. ಹೇಳಬೇಡಿ ಎಂದದ್ದನ್ನೂ ಹೇಳಿದೆ.

ಅವಳು ಅಳಲಿಲ್ಲ. ಕಣದ ಅಂಚನ್ನು ಮಡಚುತ್ತ ಬಿಚ್ಚುತ್ತ ಕೇಳಿದಳು: “ಕಾಲುವಿ ಯಾವ ಕಡಿ ಇತ್ತು?”

“ನಾ ಕೂತ ಕಡಿ.”

“ಅಂದ್ರ ನನ್ನ ಕಡಿ.”

ಅವಳು ಮದುಮಗನಿಗೆ ಫೋನು ಹಚ್ಚಿದಳು. ನಾನು ಎದ್ದು ಹೋಗಲು ನೋಡಿದೆ, ಸೆರಗು ಹಿಡಿದು ಕೂರಿಸಿದಳು. “ನಾಳಿ ನೀವು ಬಂದು ನಮ್ಮಣ್ಣನ ಮುಂದ ಹೇಳ್ರಿ, ಕಾರಿನೋರು ಕೊಟ್ಟ ಅಳತೀನ ಸಾಕು ಅಂತ. ವೈನಿ ಮ್ಯಾಲೆ ಸಿಟ್ಟಾಗಬ್ಯಾಡ್ರಿ, ನಾನ ಕೇಳಿ ತಿಳಕೊಂಡೀನಿ.” ಆ ಕಡೆಯಿಂದ ಏನೋ ಉದ್ದದ ಮಾತು ಬಂತು. ಅವಳು ಪೂರ್ತಿ ಕೇಳಿಸಿಕೊಂಡಳು. “ಹಂಗಾರ ಲಗ್ನ ಆಗೂದು ಆಗ್ಲಿ. ಗಂಡನ ಮನಿಗಿ ನಾ ಬಸ್ಸಿಗೆ ಬರ್ತೀನಿ. ಮಸ್ಕಿಗಿ ಬಸ್ಸಿಗೇನು ಬರಗಾಲಿಲ್ಲ.”

ಶುಕ್ರವಾರ ಹತ್ತು ಗಂಟೆಗೆ ಕಾರು ಬಂದು ನಿಂತಿತು. ನಾನು ಮೇಲೆಯೇ ಇರಬಹುದಿತ್ತು. ಇಳಿದೆ. ಮದುಮಗ ನನ್ನತ್ತ ನೋಡದೆ ನಮ್ಮವರ ಎದುರು ಕೂತು, “ಅಣ್ಣಾರ, ಮೊದಲಿಂದಿತ್ತಲ್ಲ, ಅದ ಸೈಜ ಹಾಕ್ರಿ” ಎಂದರು.

ನಮ್ಮವರ ಮುಖ ಕೆಂಪಾಯಿತು. “ಯಾಕ್ರೀ? ನಮ್ಮ ಕಡಿಂದ ಏನರ ಕಮ್ಮಿ ಆತೇನು? ಯಾರರ ಏನರ ಅಂದ್ರೇನು? ಇನ್ನೂರ ಎಪ್ಪತ್ತೈದು ಕೊಡ್ತೀನಂತ ಮಾತು ಕೊಟ್ಟೀನಿ, ಕೊಡ್ತೀನಿ.”

ಮದುಮಗ ನೆಲ ನೋಡಿದರು. ಕೇಳದೆ ಮಾತಾಡಿದ್ದು ನನ್ನ ಜನ್ಮದಲ್ಲಿ ಅದೇ ಮೊದಲಿರಬೇಕು. “ರೀ, ಮನ್ನೆ ಗಾಡಿ ಜಾರಿತ್ತು. ನಾ ನಿಮಗ ಹೇಳ್ಲಿಲ್ಲ. ನನ್ನ ತಪ್ಪು. ಅಗಲ ಇದ್ದಷ್ಟು ಹಿಡಿತ ಅಂದದ್ದೂ ನನ್ನ ತಪ್ಪು.” ಫೋನು ಅವರ ಮುಂದಿಟ್ಟೆ. ಅವರು ಫೋಟೊವನ್ನು ಎರಡು ಬೆರಳಿನಿಂದ ಹಿಗ್ಗಿಸಿದರು. ಕಪ್ಪು ಹೆಜ್ಜೆಗೆ ಹೋದರು, ಹಳದಿ ಹೆಜ್ಜೆಗೆ ಬಂದರು, ಮತ್ತೆ ಕಪ್ಪಿಗೆ. ಮೇಸ್ತ್ರಿ ದೂರದಿಂದಲೇ “ಗೀರು ಐದೂವರಿ ಐತ್ರಿ ಸಾಹುಕಾರ್ರ, ಟೈರು ಸವದು ಜಾರಿದ್ದಲ್ಲ” ಎಂದರು. ನಮ್ಮವರಿಗೆ ಎಲ್ಲ ಗೊತ್ತಾಯಿತು. ಆದರೂ ಅವರ ಕೈ ಆರ್ಡರ್ ಪುಸ್ತಕದ ಮೇಲಿಂದ ಏಳಲಿಲ್ಲ. “ಜನಾ ಏನಂತಾರ? ಇದ್ದಷ್ಟ ಕೊಟ್ಟ, ಒಂದು ನೂಲು ಹೆಚ್ಚು ಕೊಡಲಿಲ್ಲ ಅಂತಾರ.”

ಅತ್ತೆ ಅಂಗಡಿಗೆ ಎಂದೂ ಇಳಿಯುವವರಲ್ಲ. ರಬ್ಬರಿನ ವಾಸನೆ ಅವರಿಗೆ ಆಗುವುದಿಲ್ಲ. ಅವತ್ತು ಮೂಗಿಗೆ ಸೆರಗು ಹಿಡಿದು ಮೆಟ್ಟಿಲ ಕೊನೆಯಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಇನ್ನೊಂದು ಕೈಯಲ್ಲಿ ನಾನು ಕತ್ತರಿಸಲು ಇಟ್ಟಿದ್ದ ಅಂಜೂರ ಬಣ್ಣದ ಕಣ.

“ಇದನ್ನ ನೋಡೋ” ಎಂದು ಮಗನ ಮುಂದೆ ಹಿಡಿದರು. “ಸೀರಿ ಮಗ್ಗದ ಅರ್ಧ ಅಗಲಿಲ್ಲ. ಉಡಿ ತುಂಬೂ ಮುಂದ ಇದ ಬೇಕು, ಲಗ್ನದಾಗ ಇದ ಬೇಕು. ಕಣ ಸಣ್ಣ ಕೊಟ್ರು ಅಂತ ಇವತ್ತಿನ ತನಕ ಯಾವ ಬೀಗತಿ ಅಂದಾಳ? ಮೈಗಿ ಎಷ್ಟು ಬೇಕೋ ಅಷ್ಟ ನೇದಿರ್ತಾರ. ಅಗಲ ಕೊಡಬೇಕಂದ್ರ ಧೋತರ ಕೊಡು, ಗಾಡಿಗ್ಯಾಕ?” ಆಮೇಲೆ ಅಳಿಯನತ್ತ ತಿರುಗಿ ದನಿ ಇಳಿಸಿದರು. “ನಮ್ಮ ಹುಡುಗಿ ಕೂಡಾಕಿ ಅದರಾಗ. ನಿಮಗ ಗೊತ್ತೈತಲ್ರಿ.”

ಅವರು “ಗೊತ್ತೈತ್ರಿ ಅತ್ತೀ” ಎಂದರು, ಕೇಳಿಸಿತೋ ಇಲ್ಲವೋ ಎಂಬಷ್ಟು ಸಣ್ಣಗೆ.

ನಮ್ಮವರು ಪುಸ್ತಕ ಮುಚ್ಚಿ ನನಗೆ “ಹಾಕು” ಎಂದರು. ಅಲ್ಲೇ ನಿಂತು ಟೈಪ್ ಮಾಡಿದೆ. 255/35 R18, ಎರಡು. 225/40 R18, ಎರಡು. ನೀರು ಹೊರದೂಡುವ ಗೀರು ಆಳವಿರುವ ಜಾತಿಯದೇ ಬೇಕು ಎಂದು ಒಂದು ಸಾಲು ಸೇರಿಸಿದೆ. ಈ ಸಲ ಹೆಬ್ಬೆರಳು ನಿಲ್ಲಲಿಲ್ಲ.

ಟೈರು ಮದುವೆಗೆ ನಾಲ್ಕು ದಿನ ಮೊದಲು ಬಂದವು. ಮೇಸ್ತ್ರಿ ಕೂರಿಸಿ, ಬ್ಯಾಲೆನ್ಸ್ ಮಾಡಿ, ಬಾಗಿಲ ಚೀಟಿಯಲ್ಲಿದ್ದಷ್ಟೇ ಗಾಳಿ ಇಟ್ಟರು, ಹಿಂದಿನದಕ್ಕೆ ಮೂವತ್ನಾಲ್ಕು ಪೌಂಡು. ಅತ್ತೆ ನಾಲ್ಕಕ್ಕೂ ಅರಿಷಿಣ ಕುಂಕುಮ ಹಚ್ಚಿ, ಒಂದೊಂದರ ಮೇಲೆ ಒಂದೊಂದು ಕಣ ಇಟ್ಟರು. ಬೀಗರ ಕಡೆಯವರು ಅಗಲ ಅಳೆಯಲಿಲ್ಲ. ಕಣದ ಬಣ್ಣ ಚೆನ್ನಾಗಿದೆ ಎಂದರು. ನಾದಿನಿ ಅದೇ ಕಾರಿನಲ್ಲಿ ಮಸ್ಕಿಗೆ ಹೋದಳು.

ಮದುಮಗ ನನ್ನ ಜೊತೆ ಮಾತು ಬಿಡಲಿಲ್ಲ, ಆದರೆ ನೇರ ಆಡುವುದನ್ನು ಬಿಟ್ಟರು. “ನಿಮ್ಮ ವೈನಿಗೆ ಕೇಳು, ಚಹಾ ಆತೇನಂತ” ಎಂದು ನಾನು ಎದುರಿಗೆ ಇರುವಾಗಲೇ ಹೆಂಡತಿಗೆ ಹೇಳುತ್ತಿದ್ದರು. ಅವರ ದೃಷ್ಟಿಯಲ್ಲಿ ನಾನು ಮಾತು ಮುರಿದವಳು. ಕೊಡದ ಮಾತು ಎಂದು ಅವರಿಗೆ ಬಿಡಿಸಿ ಹೇಳುವ ಧೈರ್ಯ ನನಗೂ ಬರಲಿಲ್ಲ. ಹಾಗೇ ಬೇಸಿಗೆ ಕಳೆಯಿತು.

ಮೊದಲ ಮಳೆಗಾಲದಲ್ಲಿ ಒಂದು ಸಂಜೆ ಇಬ್ಬರೂ ಬಂದಿದ್ದರು. ಹೊರಡುವ ಹೊತ್ತಿಗೆ ಮಳೆ ಹಿಡಿಯಿತು. ಮೇಸ್ತ್ರಿ ಮನೆಗೆ ಹೋಗಿದ್ದರು, ನಮ್ಮವರು ಊರಲ್ಲಿರಲಿಲ್ಲ. ಅಂಗಡಿಯ ತಗಡಿನ ಕೆಳಗೆ ಅವರು ಗಾಳಿ ಪೈಪು ಹಿಡಿದು ಹಿಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದರು. ನಾನು ಉಪ್ಪಿನಕಾಯಿ ಡಬ್ಬಿ ಕೊಡಲು ಇಳಿದಿದ್ದೆ. ಅವರು ತಲೆ ಎತ್ತದೆ ಕೇಳಿದರು:

“ಅಕ್ಕಾರ, ಹಿಂದಿನದಕ್ಕ ಎಷ್ಟಿಡಲ್ರಿ?”

“ಮೂವತ್ನಾಕು ಇಡ್ರಿ” ಎಂದೆ.

ಅವರು ಮೂವತ್ನಾಲ್ಕು ಇಟ್ಟು, ಮುಚ್ಚಳ ಬಿಗಿದು, ಟೈರನ್ನು ಅಂಗೈಯಿಂದ ಎರಡು ಸಲ ತಟ್ಟಿ ಎದ್ದರು. ಕಾರು ಹೋದ ಮೇಲೆ ಅಂಗಡಿ ಮುಂದಿನ ಕೆಸರಿನಲ್ಲಿ ಎರಡು ಗೆರೆ ಉಳಿದವು, ತಳದಲ್ಲಿ ಡಾಂಬರು ಕಾಣುತ್ತಿತ್ತು. ಮಳೆ ಅದನ್ನು ತುಂಬುವ ತನಕ ನೋಡುತ್ತ ನಿಂತೆ. ಆಮೇಲೆ ಮೇಲೆ ಹೋಗಿ ಹಿಟ್ಟು ನಾದಿಟ್ಟೆ. ನಾದಿನಿಯ ಫೋನು ಬಂದು “ಮುಟ್ಟಿದ್ವಿ ವೈನಿ” ಎನ್ನುವ ತನಕ ಒಲೆ ಹಚ್ಚಲಿಲ್ಲ.